ಲಫ್ಕಾಡಿಯೋ ಹರ್ನ್: ಜಪಾನಿನಲ್ಲಿ ಒಬ್ಬ ಇಂಗ್ಲಿಷ್ ಉಪಾಧ್ಯಾಯನು

ಪರದೇಶಕ್ಕೆ ಹೋಗಿ ತನಗೆ ತಿಳಿದ ಭಾಷೆಯನ್ನು ಅಲ್ಲಿಯವರಿಗೆ ಕಲಿಸುವ ಕೆಲಸವು ದೂರದಿಂದ ನೋಡುವವರಿಗೆ ಸುಲಭವಾಗಿ ತೋರುವದು. ಆದರೆ ಹಾಗೆ ಹೋದವನು ಪಾಠಶಾಲೆಯೊಳಗೆ ಗುರುವಾಗಿದ್ದರೂ ಅದರ ಬಾಗಿಲನ್ನು ದಾಟಿದ ಕೂಡಲೇ ಮಗುವಿಗಿಂತಲೂ ಅರಿಯದವನಾಗಿರುವನು. ಹೇಗೆ ಕುಳಿತುಕೊಳ್ಳಬೇಕು, ಹೇಗೆ ಉಣ್ಣಬೇಕು, ಎಲ್ಲಿ ಕೆರವನ್ನು ಬಿಡಬೇಕು, ಇವೆಲ್ಲವನ್ನೂ ಅವನು ಹೊಸದಾಗಿ ಕಲಿಯಬೇಕು. ಕೆಲವರು ಇದರಿಂದ ಬೇಸತ್ತು ತಮ್ಮ ದೇಶಕ್ಕೆ ಹಿಂದಿರುಗುವರು. ಕೆಲವರು ಕಡೆಯ ವರೆಗೂ ಅನ್ಯರಾಗಿಯೇ ಉಳಿಯುವರು. ತಾನೂ ಶಿಷ್ಯನಾಗಲು ಮನಸ್ಸು ಮಾಡಿದವನಿಗೋ ಅನ್ಯದೇಶವೇ ಮನೆಯಾಗುವದುಂಟು. ಹೀಗಾದವರಲ್ಲಿ ಲಫ್ಕಾಡಿಯೋ ಹರ್ನನು ಒಬ್ಬನು. ಅವನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ಹರ್ನನು ೧೮೫೦ನೇ ಇಸವಿಯ ಜೂನ್ ೨೭ರಲ್ಲಿ ಗ್ರೀಸ್ ದೇಶಕ್ಕೆ ಸೇರಿದ ಲೆಫ್ಕಾಡ ಎಂಬ ದ್ವೀಪದಲ್ಲಿ ಹುಟ್ಟಿದನು. ಆ ದ್ವೀಪದ ಹೆಸರೇ ಅವನ ಹೆಸರಾಯಿತು. ತಂದೆಯು ಬ್ರಿಟಿಷ್ ಸೈನ್ಯದಲ್ಲಿ ವೈದ್ಯನಾಗಿದ್ದ ಐರ್ಲೆಂಡಿನವನು, ತಾಯಿಯು ಗ್ರೀಕ್ ಸ್ತ್ರೀ. ಮಗುವಿಗೆ ಎರಡು ವರುಷವಾದಾಗ ತಾಯಿಮಕ್ಕಳು ಐರ್ಲೆಂಡಿನ ಡಬ್ಲಿನ್ ಪಟ್ಟಣಕ್ಕೆ ಬಂದರು. ಆ ಚಳಿಯೂ ಆ ಭಾಷೆಯೂ ತಾಯಿಗೆ ಒಗ್ಗಲಿಲ್ಲ. ಅವಳು ಕೂಸನ್ನು ಅಲ್ಲಿಯೇ ಬಿಟ್ಟು ತನ್ನ ದೇಶಕ್ಕೆ ಹೊರಟುಹೋದಳು. ಮಗನು ಆಕೆಯ ಮುಖವನ್ನು ತಿರಿಗಿ ನೋಡಲಿಲ್ಲ. ತಂದೆಯೂ ಬೇರೆ ಮದುವೆಯಾಗಿ ದೂರವಾದನು. ತಂದೆಯ ಕಡೆಯ ಒಬ್ಬ ವೃದ್ಧೆಯು ಹುಡುಗನನ್ನು ಸಾಕಿದಳು.

ಮುಂದೆ ಅವನನ್ನು ಇಂಗ್ಲೆಂಡಿನ ಒಂದು ಪಾಠಶಾಲೆಗೆ ಕಳುಹಿಸಿದರು. ಹದಿನಾರನೆಯ ವಯಸ್ಸಿನಲ್ಲಿ ಆಟದ ಬೈಲಿನಲ್ಲಿ ಪೆಟ್ಟು ತಗಲಿ ಅವನ ಎಡಗಣ್ಣು ಕುರುಡಾಯಿತು. ಉಳಿದ ಕಣ್ಣಿನ ದೃಷ್ಟಿಯೂ ಬಹು ಮಂದವಾಗಿದ್ದದರಿಂದ ಜೀವಮಾನವೆಲ್ಲಾ ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಬೇಕಾಯಿತು. ಜನರು ತನ್ನ ಮುಖವನ್ನು ನೋಡಿ ಹೇಸುವರೆಂಬ ನಾಚಿಕೆಯು ಅವನನ್ನು ಬಿಟ್ಟುಹೋಗಲಿಲ್ಲ. ಆದಕಾರಣ ಪಟ ತೆಗೆಸಿಕೊಳ್ಳುವಾಗೆಲ್ಲಾ ಎಡಮುಖವನ್ನು ತಿರುಗಿಸಿಕೊಳ್ಳುತ್ತಿದ್ದನು. ಸಾಕಿದ ವೃದ್ಧೆಯ ಆಸ್ತಿ ನಾಶವಾಗಲು ಓದು ನಿಂತುಹೋಯಿತು. ೧೮೬೯ರಲ್ಲಿ ಅವನು ಹತ್ತೊಂಬತ್ತು ವರುಷದವನಾಗಿ, ಬಹುಮಟ್ಟಿಗೆ ಬರಿಗೈಯಿಂದ ಅಮೇರಿಕಾ ದೇಶವನ್ನು ಸೇರಿದನು. ಸಿನ್ಸಿನಾಟಿ ಎಂಬ ಊರಿನಲ್ಲಿ ಮಲಗುವದಕ್ಕೆ ಸ್ಥಳವಿಲ್ಲದೆ ಅಲೆಯುತ್ತಿರುವಾಗ ವಾಟ್ಕಿನ್ ಎಂಬ ವೃದ್ಧ ಮುದ್ರಣಗಾರನು ಅವನಿಗೆ ತನ್ನ ಅಚ್ಚುಕೂಟದಲ್ಲಿ ಕಾಗದದ ಚೂರುಗಳ ಮೇಲೆ ಮಲಗಲು ಎಡೆಕೊಟ್ಟು ಅನ್ನವನ್ನಿಕ್ಕಿದನು. ಅಲ್ಲಿಂದ ಹರ್ನನು ವರ್ತಮಾನಪತ್ರಿಕೆಗಳಿಗೆ ಬರೆಯುತ್ತಾ ಹೆಸರುಗೊಂಡನು. ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಹತ್ತು ವರುಷ, ಮಾರ್ಟಿನಿಕ್ ದ್ವೀಪದಲ್ಲಿ ಹೆಚ್ಚುಕಡಿಮೆ ಎರಡು ವರುಷ ಇದ್ದನು. ಎಲ್ಲಿಯೂ ಅವನಿಗೆ ಮನೆ ಎಂಬದಿರಲಿಲ್ಲ.

೧೮೯೦ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಅವನು ಒಂದು ಪತ್ರಿಕೆಗೆ ಲೇಖನಗಳನ್ನು ಬರೆಯುವದಕ್ಕೋಸ್ಕರ ಜಪಾನಿನ ಯೊಕೊಹಾಮಾ ರೇವಿನಲ್ಲಿ ಇಳಿದನು. ಸ್ವಲ್ಪ ಕಾಲದಲ್ಲಿಯೇ ಪ್ರಕಾಶಕರ ಸಂಗಡ ಜಗಳವಾಡಿ ಆ ಕೆಲಸವನ್ನು ಬಿಟ್ಟುಬಿಟ್ಟನು. ಆ ದಿವಸಗಳಲ್ಲಿ ಜಪಾನ್ ಸರಕಾರವು ತನ್ನ ಮಕ್ಕಳಿಗೆ ಪಾಶ್ಚಾತ್ಯ ವಿದ್ಯೆಗಳನ್ನು ಕಲಿಸಲು ಪರದೇಶದ ಉಪಾಧ್ಯಾಯರನ್ನು ಹೆಚ್ಚು ಸಂಬಳ ಕೊಟ್ಟು ಕರೆಸಿಕೊಳ್ಳುತ್ತಿತ್ತು. ಟೋಕಿಯೋವಿನಲ್ಲಿ ಪಂಡಿತನಾಗಿದ್ದ ಚೇಂಬರ್ಲೇನನೂ, ಹರ್ನನಿಗೆ ಅಮೇರಿಕದಲ್ಲಿಯೇ ಪರಿಚಯವಾಗಿದ್ದ ಹತ್ತೋರಿ ಎಂಬ ಅಧಿಕಾರಿಯೂ ಸಹಾಯಮಾಡಲು, ಪಶ್ಚಿಮ ತೀರದ ಮತ್ಸುಯೆ ಎಂಬ ಊರಿನಲ್ಲಿ ಇಂಗ್ಲಿಷ್ ಉಪಾಧ್ಯಾಯನ ಕೆಲಸವು ತಿಂಗಳಿಗೆ ನೂರು ಯೆನ್ ಸಂಬಳದಂತೆ ಅವನಿಗೆ ದೊರೆಯಿತು. ಆಗ ಅವನಿಗೆ ನಾಲ್ವತ್ತು ವರುಷ. ಜಪಾನೀ ಭಾಷೆ ಬಾರದು.

ಮತ್ಸುಯೆಯು ಒಂದು ಸರೋವರದ ದಡದಲ್ಲಿ ಹಳೆಯ ಕೋಟೆಯ ಕೆಳಗೆ ಇರುವ ಊರು. ಅಲ್ಲಿಗೆ ಆಗ ರೈಲು ಇರಲಿಲ್ಲವಾದದರಿಂದ ಹರ್ನನು ಮನುಷ್ಯರು ಎಳೆಯುವ ಗಾಡಿಯಲ್ಲಿ ಬೆಟ್ಟಗಳನ್ನು ದಾಟಿ, ಕಡೆಗೆ ಚಿಕ್ಕ ಹೊಗೆಹಡಗನ್ನು ಹತ್ತಿ, ಆಗಸ್ಟ್ ತಿಂಗಳ ಕಡೆಯಲ್ಲಿ ತಲಪಿದನು. ಮುಂಜಾನೆ ಅವನನ್ನು ಎಬ್ಬಿಸಿದ್ದು ಅಕ್ಕಿ ಕುಟ್ಟುವ ಒನಕೆಯ ಸದ್ದು. ಆ ಮೇಲೆ ಗುಡಿಯ ಗಂಟೆ. ಅನಂತರ ಹೊಳೆಯ ದಡದಲ್ಲಿ ಮುಖ ತೊಳೆದು ಸೂರ್ಯನಿಗೆ ಕೈತಟ್ಟುವವರ ಸಪ್ಪಳ. ಬೆಳಕು ಹರಿದ ಮೇಲೆ ಮರದ ಸೇತುವೆಯ ಮೇಲೆ ನೂರಾರು ಮರದ ಪಾದುಕೆಗಳ ಟಕಟಕ ಶಬ್ದ. ಕಣ್ಣು ಮಂದವಾಗಿದ್ದ ಆ ಮನುಷ್ಯನು ಆ ಊರನ್ನು ಮೊದಲು ಕಿವಿಯಿಂದ ಕಲಿತನು.

ಪಾಠಶಾಲೆಯಲ್ಲಿ ಮುಖ್ಯೋಪಾಧ್ಯಾಯನಾದ ನಿಶಿದ ಸೆಂತಾರೋ ಎಂಬವನು ಅವನ ಕೈಹಿಡಿದು ನಡಿಸಿದನು. ನಿಶಿದನು ಇಂಗ್ಲಿಷನ್ನು ಚೆನ್ನಾಗಿ ಬಲ್ಲವನು, ಶರೀರದಲ್ಲಿ ಕ್ಷೀಣನು, ಸ್ವಭಾವದಲ್ಲಿ ಸಾಧು. ಯಾರಿಗೆ ಎಷ್ಟು ಬಗ್ಗಿ ವಂದಿಸಬೇಕೆಂಬದನ್ನು ಮೊದಲ್ಗೊಂಡು ಹುಡುಗರ ಹೆಸರುಗಳ ವರೆಗೆ ಎಲ್ಲವನ್ನೂ ಅವನೇ ಹೇಳಿಕೊಟ್ಟನು. ಹೊಸ ಉಪಾಧ್ಯಾಯನು ಕೇಳಲು ನಾಚದೆ ಇದ್ದದರಿಂದ ಇಬ್ಬರಿಗೂ ಗಾಢವಾದ ಸ್ನೇಹ ಬೆಳೆಯಿತು.

ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಿಸುವಾಗ ಹರ್ನನು ಒಂದು ವಿಚಿತ್ರವನ್ನು ಕಂಡನು. ಒಂದೇ ವಿಷಯವನ್ನು ಕೊಟ್ಟರೆ ಅನೇಕ ಹುಡುಗರು ಒಂದೇ ಉಪಮಾನವನ್ನು ಬರೆದು ತರುತ್ತಿದ್ದರು. ಬೇರೊಬ್ಬನಾಗಿದ್ದರೆ ಇವರು ಒಬ್ಬರನ್ನೊಬ್ಬರು ನೋಡಿ ಬರೆದರೆಂದು ದಂಡಿಸುತ್ತಿದ್ದನು. ಹರ್ನನು ವಿಚಾರಿಸಿ ನೋಡಿ, ಇವು ತಲೆತಲಾಂತರದಿಂದ ಎಲ್ಲರಿಗೂ ಕಲಿಸಲ್ಪಟ್ಟ ಹೋಲಿಕೆಗಳೆಂದೂ ಆ ದೇಶದಲ್ಲಿ ಅದು ಕಳ್ಳತನವಲ್ಲ, ಹಿರಿಯರಿಗೆ ಸಲ್ಲಿಸುವ ಮರ್ಯಾದೆಯೆಂದೂ ತಿಳಿದುಕೊಂಡನು. ಹುಡುಗರ ತಪ್ಪುಗಳನ್ನು ನೋಡಿ ನಗುವದನ್ನು ಬಿಟ್ಟು, ಆ ತಪ್ಪುಗಳ ಹಿಂದೆ ಇರುವ ಮನಸ್ಸನ್ನು ಓದಲು ಅಭ್ಯಾಸಮಾಡಿದನು.

ಸಂಜೆ ಹುಡುಗರು ಅವನ ಮನೆಗೆ ಬರುತ್ತಿದ್ದರು. ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ವಂದಿಸಿ, ಚಾಪೆಯ ಮೇಲೆ ಮೊಣಕಾಲೂರಿ ಕುಳಿತು, ತಮ್ಮ ಮನೆಯಲ್ಲಿ ಜೋಪಾನಮಾಡಿದ ಹಳೆಯ ಚಿತ್ರವನ್ನೋ ಪಾತ್ರೆಯನ್ನೋ ತೋರಿಸುವರು. ಮಾತು ಸ್ವಲ್ಪ, ಮೌನ ಬಹಳ. ಮೊದಮೊದಲು ಈ ಮೌನವು ಅವನಿಗೆ ಕಷ್ಟವಾಯಿತು. ಆ ಮೇಲೆ ಅದೂ ಒಂದು ಮಾತೆಂದು ತಿಳಿಯಿತು. ಅವನು ಮೊದಲು ಇಳುಕೊಂಡಿದ್ದ ಛತ್ರದಲ್ಲಿ ಕೆಲಸದ ಹುಡುಗಿಗೆ ಕಣ್ಣುಬೇನೆ ಇತ್ತು. ಚಿಕಿತ್ಸೆ ಮಾಡಿಸಬೇಕೆಂದು ಯಜಮಾನನಿಗೆ ಎಷ್ಟು ಹೇಳಿದರೂ ಅವನು ಉದಾಸೀನಮಾಡಿದನು. ಒಂದು ಕಣ್ಣು ಹೋದವನ ದುಃಖವನ್ನು ಬಲ್ಲ ಹರ್ನನು ಕೋಪಿಸಿಕೊಂಡು ಆ ಮನೆಯನ್ನು ಬಿಟ್ಟು, ತಾನೇ ಆ ಹುಡುಗಿಗೆ ಔಷಧ ಮಾಡಿಸಿದನು. ಚಳಿಗಾಲದಲ್ಲಿ ಅವನೇ ಹಾಸಿಗೆ ಹಿಡಿದಾಗ ಪ್ರಾಂತಾಧಿಕಾರಿಯ ಮಗಳು ಅವನ ಸಂತೋಷಕ್ಕೆಂದು ಹಾಡುವ ಹಕ್ಕಿಯನ್ನು ಪಂಜರದಲ್ಲಿಟ್ಟು ಕಳುಹಿಸಿದಳು.

ಅವನ ಶಿಷ್ಯರಲ್ಲಿ ಬಡಮನೆಯ ಹುಡುಗನೊಬ್ಬನಿದ್ದನು. ಬುದ್ಧಿಯಲ್ಲಿ ಎಲ್ಲರಿಗಿಂತ ಮುಂದು. ಓದಿನ ಶ್ರಮದಿಂದಲೂ ರೋಗದಿಂದಲೂ ಕುಗ್ಗಿ ಅವನು ಸಾಯುವ ಸ್ಥಿತಿಗೆ ಬಂದನು. ತನ್ನ ಪಾಠಶಾಲೆಯನ್ನು ಇನ್ನೊಂದು ಸಾರಿ ನೋಡಬೇಕೆಂಬ ಆಶೆಯನ್ನು ಹೇಳಿಕೊಳ್ಳಲು ಒಬ್ಬ ಮನುಷ್ಯನು ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ರಾತ್ರಿಯಲ್ಲಿಯೇ ಅಲ್ಲಿಗೆ ಹೋದನು. ಕಟ್ಟಡವು ಕತ್ತಲೆಯಲ್ಲಿ ಮುಚ್ಚಿಕೊಂಡಿತ್ತು. ಹುಡುಗನು ಹೊರಗಿನಿಂದಲೇ ತನ್ನ ಕೋಣೆ ಎಲ್ಲಿದೆಯೆಂದು ನೆನೆದು, ನೋಡಿ, ತೃಪ್ತನಾಗಿ ಮನೆಗೆ ಹಿಂದಿರುಗಿದನು. ಆ ಮೇಲೆ ಬಹಳ ಹೊತ್ತು ಬದುಕಲಿಲ್ಲ. ಹರ್ನನಿಗೆ ತನ್ನ ಬಾಲ್ಯದ ಶಾಲೆಯು ದುಃಖದ ಸ್ಥಳವಾಗಿತ್ತು. ಅಂಥವನು ಶಾಲೆಯನ್ನು ಇಷ್ಟು ಪ್ರೀತಿಸುವ ಮಕ್ಕಳನ್ನು ಕಂಡು ತನ್ನ ಕೆಲಸ ಎಷ್ಟು ಭಾರವುಳ್ಳದ್ದೆಂದು ಅರಿತನು. ಈ ಸಂಗತಿಯನ್ನು ೧೮೯೪ರಲ್ಲಿ ಅಚ್ಚಾದ ತನ್ನ ಮೊದಲನೆಯ ಜಪಾನ್ ಪುಸ್ತಕದಲ್ಲಿ ಬರೆದಿಟ್ಟನು.

೧೮೯೧ನೇ ಇಸವಿಯ ಆರಂಭದಲ್ಲಿ ಸೆತ್ಸು ಎಂಬ ಸ್ತ್ರೀಯು ಅವನ ಮನೆಗೆ ಬಂದು ಅವನ ಪತ್ನಿಯಾದಳು. ಅವಳು ಯೋಧರ ವಂಶದವಳು. ರಾಜ್ಯದ ಏರ್ಪಾಡು ಬದಲಾದ ಮೇಲೆ ಆ ವಂಶಗಳು ಬಡತನಕ್ಕೆ ಇಳಿದದರಿಂದ ಬಟ್ಟೆ ನೆಯ್ದು ಮನೆಯವರನ್ನು ಸಾಕುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ಅವನಿಗೆ ಜಪಾನೀ ಬಾರದು. ಅವಳು ಇಂಗ್ಲಿಷ್ ಮಾತುಗಳನ್ನು ತನ್ನ ಲಿಪಿಯಲ್ಲಿ ಒಂದು ಚಿಕ್ಕ ಪುಸ್ತಕದೊಳಗೆ ಬರೆದುಕೊಂಡು ಕಲಿಯಲೆತ್ನಿಸಿದಳು. ಅವನೋ ವಿಭಕ್ತಿಯೂ ಕ್ರಿಯಾರೂಪಗಳೂ ಇಲ್ಲದ ಮುರುಕು ಜಪಾನೀ ಮಾತನ್ನು ಕಟ್ಟಿಕೊಂಡನು. ಮನೆಯವರು ಅದಕ್ಕೆ ಹರ್ನನ ಭಾಷೆ ಎಂದೇ ಹೆಸರಿಟ್ಟರು. ವ್ಯಾಕರಣವಿಲ್ಲದ ಈ ಭಾಷೆಯಲ್ಲಿಯೇ ಹದಿಮೂರು ವರುಷಗಳ ಸಂಸಾರ ನಡೆಯಿತು. ರಾತ್ರಿ ದೀಪವನ್ನು ತಗ್ಗಿಸಿ ಸೆತ್ಸುವು ಹಳೆಯ ಕಥೆಗಳನ್ನು ಹೇಳುವಳು. ಪುಸ್ತಕ ನೋಡಿ ಓದಕೂಡದು, ನಿನ್ನ ಮಾತಿನಲ್ಲಿಯೇ ಹೇಳು ಎಂಬದು ಅವನ ಹಟ. ಹಾಗೆ ಕೇಳಿದ ಕಥೆಗಳನ್ನು ಅವನು ಇಂಗ್ಲಿಷಿನಲ್ಲಿ ಬರೆದನು. ಅವನು ಲೋಕದಲ್ಲಿ ಪ್ರಸಿದ್ಧನಾದದ್ದು ವಿಶೇಷವಾಗಿ ಅವುಗಳಿಂದಲೇ. ೧೯೦೪ರಲ್ಲಿ ಅಚ್ಚಾದ ಕ್ವಾಯ್ದಾನ್ ಎಂಬದು ಅವುಗಳಲ್ಲಿ ಹೆಸರಾದದ್ದು.

ಮತ್ಸುಯೆಯ ಚಳಿಯನ್ನು ಶರೀರವು ತಾಳದ್ದರಿಂದ ಅವನು ೧೮೯೧ನೇ ನವೆಂಬರಿನಲ್ಲಿ ದಕ್ಷಿಣದ ಕುಮಮೋತೋ ಎಂಬ ಊರಿನ ದೊಡ್ಡ ಪಾಠಶಾಲೆಗೆ ಹೋದನು. ಮತ್ಸುಯೆಯ ಶಿಷ್ಯರು ಅವನಿಗೆ ಒಂದು ಖಡ್ಗವನ್ನು ಕಾಣಿಕೆಯಾಗಿ ಕೊಟ್ಟು, ಗುಂಪಾಗಿ ಹಡಗಿನ ಕಟ್ಟೆಯ ವರೆಗೆ ಬಂದು ಬೀಳ್ಕೊಟ್ಟರು. ಕುಮಮೋತೋವಿನಲ್ಲಿ ಸಂಬಳವು ಇನ್ನೂರು ಯೆನ್ ಆಯಿತು. ಆದರೆ ಸಂತೋಷವು ಇಮ್ಮಡಿಯಾಗಲಿಲ್ಲ. ಶಿಷ್ಯರು ವಯಸ್ಕರು, ಗಂಭೀರರು. ಮನೆಗೆ ಬರುವವರು ಕಡಿಮೆ. ಆದರೂ ಮೂರು ವರುಷ ಅಲ್ಲಿ ದುಡಿದನು. ಯಾಕಂದರೆ ಈಗ ಅವನ ಕೂಳನ್ನು ನಂಬಿದವರಲ್ಲಿ ಹೆಂಡತಿಯಲ್ಲದೆ ಅವಳ ಹಿರಿಯರೂ ಇದ್ದರು. ೧೮೯೩ರಲ್ಲಿ ಹಿರಿಯ ಮಗನು ಹುಟ್ಟಿದನು.

ಆಗ ಅವನಿಗೆ ದೊಡ್ಡ ಚಿಂತೆಯೊಂದು ಬಂತು. ತಾನು ಬ್ರಿಟಿಷ್ ಪ್ರಜೆಯಾಗಿಯೇ ಸತ್ತರೆ ಹೆಂಡತಿ ಮಕ್ಕಳಿಗೆ ತನ್ನ ಸೊತ್ತು ನ್ಯಾಯವಾಗಿ ಸೇರುವದೋ ಇಲ್ಲವೋ ಎಂಬ ಸಂದೇಹ. ಅವರನ್ನು ಬ್ರಿಟಿಷ್ ಪ್ರಜೆಗಳನ್ನಾಗಿ ಮಾಡಿದರೆ ಅವರು ಸ್ವಂತ ದೇಶದಲ್ಲಿಯೇ ಅನ್ಯರಾಗುವರು. ತಾನು ಜಪಾನಿನ ಪ್ರಜೆಯಾದರೆ ಪರದೇಶದವರಿಗೆ ಸಿಕ್ಕುವ ಹೆಚ್ಚಿನ ಸಂಬಳ ತಪ್ಪಿಹೋದೀತು. ತಾಯಿಯಿಂದಲೂ ತಂದೆಯಿಂದಲೂ ಬಿಡಲ್ಪಟ್ಟವನು ತನ್ನ ಮಗನನ್ನು ಹಾಗೆ ಬಿಡಲಾರದೆ ಹೋದನು. ೧೮೯೬ರಲ್ಲಿ ಜಪಾನಿನ ಪ್ರಜೆಯಾಗಿ, ಹೆಂಡತಿಯ ಮನೆತನದ ಹೆಸರನ್ನು ತಕ್ಕೊಂಡು, ಕೊಯಿಜುಮಿ ಯಾಕುಮೋ ಎಂದು ಕರೆಯಲ್ಪಟ್ಟನು.

ಅದೇ ವರುಷ ಟೋಕಿಯೋವಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಕಲಿಸುವ ಸ್ಥಾನವು ಒಳ್ಳೇ ಸಂಬಳದೊಡನೆ ಅವನಿಗೆ ದೊರೆಯಿತು. ಅಲ್ಲಿ ಅವನ ಬೋಧನೆಯ ರೀತಿ ಹೀಗಿತ್ತು: ಶಿಷ್ಯರು ಎಲ್ಲವನ್ನೂ ಬರೆದುಕೊಳ್ಳುವಂತೆ ನಿಧಾನವಾಗಿ, ಸರಳವಾದ ಮಾತುಗಳಿಂದ, ಒಂದೊಂದೇ ವಾಕ್ಯವಾಗಿ ಹೇಳುವನು. ಅವರು ಕಾಣದ ದೇಶದ ಹೂವನ್ನೋ ಹಬ್ಬವನ್ನೋ ಕುರಿತ ಪದ್ಯ ಬಂದರೆ, ಅವರು ಕಂಡ ವಸ್ತುವಿನಿಂದ ಆರಂಭಿಸಿ ಅದನ್ನು ತಿಳಿಯಪಡಿಸುವನು. ಶಿಷ್ಯರು ಹಾಗೆ ಬರೆದುಕೊಂಡ ಟಿಪ್ಪಣಿಗಳು ಅವನು ಸತ್ತ ಮೇಲೆ ಅಮೇರಿಕದಲ್ಲಿ ಪುಸ್ತಕಗಳಾದವು. ಮತ್ಸುಯೆಯಲ್ಲಿ ಶಿಷ್ಯನಾಗಿದ್ದ ಓತಾನಿ ಎಂಬವನು ಬಡತನದಲ್ಲಿ ಇಲ್ಲಿ ಓದುತ್ತಿದ್ದಾಗ, ಧರ್ಮವೆಂದು ಹಣ ಕೊಟ್ಟರೆ ಅವನಿಗೆ ನಾಚಿಕೆಯಾದೀತೆಂದು, ತನಗೆ ಬೇಕಾದ ಜಪಾನೀ ಹಾಡುಗಳನ್ನೂ ಸಂಗತಿಗಳನ್ನೂ ಕೂಡಿಸಿಕೊಡುವ ಕೆಲಸವನ್ನು ಒಪ್ಪಿಸಿ ಅದರ ಕೂಲಿಯಾಗಿ ಖರ್ಚು ಕೊಟ್ಟನು. ಮನೆಯಲ್ಲಿ ಹಿರಿಯ ಮಗನಿಗೆ ದಿನಾಲು ತಾನೇ ಇಂಗ್ಲಿಷ್ ಕಲಿಸಿದನು. ಹಳೆಯ ವರ್ತಮಾನಪತ್ರಿಕೆಗಳ ಮೇಲೆ ಕುಂಚದಿಂದ ದಪ್ಪ ಅಕ್ಷರಗಳನ್ನು ಬರೆದದ್ದೇ ಆ ಹುಡುಗನ ಪಾಠಪುಸ್ತಕ.

೧೯೦೩ರಲ್ಲಿ ವಿಶ್ವವಿದ್ಯಾಲಯದವರು ಅವನನ್ನು ಕೆಲಸದಿಂದ ಬಿಡಿಸಿದರು. ಪರದೇಶದಲ್ಲಿ ಓದಿ ಬಂದ ಸ್ವದೇಶೀಯರು ಈಗ ಇದ್ದದರಿಂದ ಅವರನ್ನೇ ನೇಮಿಸುವದು ಸರಕಾರದ ಉದ್ದೇಶವಾಗಿತ್ತು. ಶಿಷ್ಯರು ಒಟ್ಟುಗೂಡಿ ಬಹಳ ಆಕ್ಷೇಪಿಸಿದರು. ಕಡಿಮೆ ಪಾಠ, ಕಡಿಮೆ ಸಂಬಳಕ್ಕೆ ಇರಬಹುದೆಂದು ಹೇಳಿದ್ದನ್ನು ಹರ್ನನು ಒಪ್ಪಲಿಲ್ಲ. ಅವನ ಸ್ಥಾನಕ್ಕೆ ಬಂದವರಲ್ಲಿ ಮುಂದೆ ಜಪಾನಿನ ಮಹಾಗ್ರಂಥಕರ್ತನಾದ ನತ್ಸುಮೆ ಸೋಸೆಕಿಯು ಒಬ್ಬನು. ಹರ್ನನ ಮನಸ್ಸು ಬಹಳ ನೊಂದಿತು. ಆದರೂ ನಿಜವಾಗಿ ಯೋಚಿಸಿದರೆ, ಶಿಷ್ಯರ ಸೀಮೆಯವರೇ ಕಲಿಸುವಷ್ಟು ಬಲಗೊಂಡು ತನ್ನ ಅಗತ್ಯವು ತೀರುವದು ಪರದೇಶದ ಉಪಾಧ್ಯಾಯನ ಕೆಲಸಕ್ಕೆ ಸಿಕ್ಕುವ ಫಲವೇ. ಆ ಫಲವು ಬಾಯಿಗೆ ಕಹಿಯಾಗಿರುವದುಂಟು. ೧೯೦೪ರಲ್ಲಿ ವಸೇದ ಎಂಬ ವಿದ್ಯಾಲಯದವರು ಅವನನ್ನು ಕರೆದುಕೊಂಡರು. ಅದೇ ವರುಷ ಸೆಪ್ಟೆಂಬರ್ ೨೬ರಲ್ಲಿ ಎದೆನೋವು ಬಂದು, ಐವತ್ತುನಾಲ್ಕನೆಯ ವಯಸ್ಸಿನಲ್ಲಿ, ಹೆಂಡತಿಯನ್ನೂ ಮೂವರು ಗಂಡುಮಕ್ಕಳನ್ನೂ ಒಂದು ಹೆಣ್ಣುಕೂಸನ್ನೂ ಬಿಟ್ಟು ತೀರಿಕೊಂಡನು. ಟೋಕಿಯೋವಿನ ಜೋಶಿಗಯ ಎಂಬ ಸ್ಮಶಾನದಲ್ಲಿ ಅವನ ಸಮಾಧಿಯುಂಟು.

ಹರ್ನನಲ್ಲಿ ಕುಂದುಗಳೂ ಇದ್ದವು. ಅವನು ಮುಂಗೋಪಿ; ಉಪಕಾರಮಾಡಿದ ಸ್ನೇಹಿತರನ್ನು ಸಹ ಅಲ್ಪಕಾರಣಕ್ಕೆ ದೂರಮಾಡಿಕೊಂಡನು. ಜಪಾನಿನ ಹಳೆಯದೆಲ್ಲಾ ಒಳ್ಳೇದೆಂದು ಕೆಲವು ಸಾರಿ ಮಿತಿಮೀರಿ ಹೊಗಳಿದನು. ಮಿಶನರಿಗಳನ್ನು ಕುರಿತು ಅವನು ಬರೆದ ಮಾತುಗಳು ಕಟುವಾದವು, ನಮ್ಮ ವಾಚಕರಿಗೆ ರುಚಿಸುವಂಥವಲ್ಲ. ಇದನ್ನು ಮರೆಮಾಡಿ ಅವನ ಚರಿತ್ರೆಯನ್ನು ಹೇಳುವದು ನ್ಯಾಯವಲ್ಲ. ಆದರೆ ಅನ್ಯಜನರ ನಡುವೆ ಕಲಿಸಹೋಗುವವರು ಮೊದಲು ಅವರ ಚಾಪೆಯ ಮೇಲೆ ಕುಳಿತು ಕೇಳಬೇಕೆಂಬ ಬುದ್ಧಿಯನ್ನು ನಮ್ಮನ್ನು ಮೆಚ್ಚದವನಿಂದಲೂ ಕಲಿಯಬಹುದಷ್ಟೆ.

ಪ್ರಿಯ ವಾಚಕರೇ, ನಿಮ್ಮಲ್ಲಿ ಅನೇಕರು ಹಳ್ಳಿಯ ಪಾಠಶಾಲೆಗಳಲ್ಲಿ ದುಡಿಯುವವರು. ನೀವು ಸಮುದ್ರ ದಾಟಿ ಹೋಗದೆ ಇರಬಹುದು. ಆದರೆ ನೆರೆಯ ಕೇರಿಯ ಮಗುವು ನಿಮ್ಮ ಶಾಲೆಯ ಹೊಸ್ತಿಲಲ್ಲಿ ನಿಂತಾಗ ಅದಕ್ಕೆ ಅದೇ ಪರದೇಶ. ಅದು ತಪ್ಪಾಗಿ ನುಡಿದಾಗ ನಗದೆ, ಅದರ ಮನೆಯ ಮಾತೇನೆಂದು ಕೇಳಿ ತಿಳಿದು ಕಲಿಸಿರಿ. ಸಾಯುವ ಹೊತ್ತಿನಲ್ಲಿಯೂ ತನ್ನ ಶಾಲೆಯನ್ನು ನೋಡಬಯಸಿದ ಆ ಬಡಹುಡುಗನಂಥವರು ನಮ್ಮ ಬೆಂಚುಗಳ ಮೇಲೆಯೂ ಕುಳಿತಿರಬಹುದು.