ಆಕಾಶವಾಣಿಯ ಮೇಷ್ಟ್ರು



ನಮ್ಮ ಮನೆಯಲ್ಲಿ ತಾತನ ಕಾಲದ ಒಂದು ರೇಡಿಯೋ ಇದೆ. ಅಜ್ಜಿಗೆ ಕಣ್ಣು ಸರಿಯಾಗಿ ಕಾಣೋದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ರೇಡಿಯೋದಲ್ಲಿ ಸಂಗೀತ ಕೇಳುತ್ತಾರೆ. ನನಗೆ ಓದೋಕೆ ತೊಂದರೆಯಾಗುತ್ತೆ, ಅದನ್ನು ಗುಜರಿಗೆ ಹಾಕಿಬಿಡೋಣ ಅಂತ ಅಪ್ಪನಿಗೆ ಹೇಳಿದೆ. ಅಜ್ಜಿ ಬೈಯಲಿಲ್ಲ. ಆದರೆ ಮಾರನೇ ದಿನ ರೇಡಿಯೋ ಹಾಕಲೇ ಇಲ್ಲ. ಅದೇ ವಾರ ನಮ್ಮ ಮೇಷ್ಟ್ರು ಗೋಡೆ ಪತ್ರಿಕೆಗೆ ಬರೆಯಲು ನನಗೆ ಕೊಟ್ಟ ಹೆಸರು ಡಾ. ಎಂ. ವಿ. ಗೋಪಾಲಸ್ವಾಮಿ.

ಗೋಪಾಲಸ್ವಾಮಿಯವರು 1896ರಲ್ಲಿ ಜನಿಸಿದರು. ಲಂಡನ್ನಿಗೆ ಹೋಗಿ ಮನಃಶಾಸ್ತ್ರ ಓದಿ ಡಾಕ್ಟರೇಟ್ ಪದವಿ ಪಡೆದರು. ಮನಃಶಾಸ್ತ್ರ ಅಂದರೆ ಮನುಷ್ಯನ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಸುವ ವಿದ್ಯೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಈ ವಿಭಾಗ ಶುರುವಾಯಿತು. ಇವರು ಮಹಾರಾಜಾ ಕಾಲೇಜಿನಲ್ಲಿ ಆ ಪಾಠ ಹೇಳುತ್ತಿದ್ದರು. ನಾಟಕ ಅಂದರೂ ಅವರಿಗೆ ಬಹಳ ಪ್ರೀತಿ.

1935ರ ಸೆಪ್ಟೆಂಬರಿನಲ್ಲಿ ಅವರು ಮೈಸೂರಿನ ತಮ್ಮ ಮನೆ ವಿಠಲ ವಿಹಾರದಲ್ಲಿಯೇ ರೇಡಿಯೋ ಕೇಂದ್ರ ಪ್ರಾರಂಭಿಸಿದರು. ಅದರ ಯಂತ್ರದ ಶಕ್ತಿ ಬರೀ 30 ವ್ಯಾಟ್! ನಮ್ಮ ಕೊಟ್ಟಿಗೆಯ ಅರವತ್ತು ಕ್ಯಾಂಡಲ್ ಬಲ್ಬಿನ ಅರ್ಧ. ಆಮೇಲೆ 250 ವ್ಯಾಟಿನ ಯಂತ್ರ ತರಿಸಿದರು. ಮೊದಲ ದಿನ ಕುವೆಂಪು ಅವರು ಕವನ ಓದಿದರು ಎಂದು ಹೇಳುತ್ತಾರೆ. ಶಾಸ್ತ್ರೀಯ ಸಂಗೀತವೂ ಪ್ರಸಾರವಾಯಿತು. ದೊಡ್ಡ ವಿದ್ವಾಂಸರ ಕಚೇರಿ ಅರಮನೆಯಲ್ಲಿ, ಸಭೆಗಳಲ್ಲಿ ನಡೆಯುತ್ತಿದ್ದ ಕಾಲ ಅದು. ಅಲ್ಲಿಗೆ ಹೋಗಲಾಗದವರಿಗೂ ಈಗ ಸಂಗೀತ ಕೇಳಿಸಿತು.

ಆದರೆ ಒಬ್ಬ ಮೇಷ್ಟ್ರಿಗೆ ರೇಡಿಯೋ ನಡೆಸುವುದು ಸುಲಭವಾ? ಕೈಯಿಂದ ಹಣ ಹಾಕಿದರು. ಜನರೂ ಮೈಸೂರು ಪುರಸಭೆಯೂ ಸಹಾಯ ಮಾಡಿದರು. ಹಾಗೂ ಹೀಗೂ ಆರು ವರ್ಷದಷ್ಟು ನಡೆಯಿತು. ಖರ್ಚು ತೂಗಿಸುವುದು ಕಷ್ಟವಾದಾಗ, 1940ರ ದಶಕದ ಆರಂಭದಲ್ಲಿ, ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಭಾರತ ಸರ್ಕಾರಕ್ಕೆ ಸೇರಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. 1957ರಲ್ಲಿ ಗೋಪಾಲಸ್ವಾಮಿಯವರು ತೀರಿಕೊಂಡರು.

ಮೇಷ್ಟ್ರ ಮನೆಯಿಂದ ಕೇಂದ್ರ ಹೋಯಿತು, ಆದರೆ ಅದರ ಹೆಸರು ಉಳಿಯಿತು. ಆ ಪುಟ್ಟ ಕೇಂದ್ರದ ಹೆಸರೇ ಆಕಾಶವಾಣಿ! 1950ರ ದಶಕದಲ್ಲಿ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. 2023ರಲ್ಲಿ ಆಲ್ ಇಂಡಿಯಾ ರೇಡಿಯೋ ಅನ್ನೋದನ್ನು ಬಿಟ್ಟು, ಇಂಗ್ಲಿಷಿನಲ್ಲೂ ಆಕಾಶವಾಣಿ ಅಂತಲೇ ಹೇಳಬೇಕೆಂದು ತೀರ್ಮಾನವಾಯಿತು.

ದೊಡ್ಡ ಕೆಲಸಕ್ಕೆ ದೊಡ್ಡ ಕಟ್ಟಡ, ತುಂಬಾ ದುಡ್ಡು ಬೇಕು ಅಂತ ನಾನು ತಿಳಿದಿದ್ದೆ. ಒಂದು ಮನೆ, ಬಲ್ಬಿನಷ್ಟು ಶಕ್ತಿ ಇದ್ದರೂ ಶುರು ಮಾಡಬಹುದು ಎಂದು ಈಗ ಗೊತ್ತಾಯಿತು.

ಬರೆದದ್ದನ್ನು ಮೊದಲು ಅಜ್ಜಿಗೆ ಓದಿ ಹೇಳಿದೆ. ಜಾತ್ರೆಗೆ ಕೊಟ್ಟಿದ್ದ ದುಡ್ಡಲ್ಲಿ ಹೊಸ ಸೆಲ್ ತಂದು ಹಾಕಿದೆ. ಈಗ ದಿನಾ ಬೆಳಿಗ್ಗೆ ರೇಡಿಯೋ ಹಾಕುವುದು ನಾನೇ. ಓದುವುದಕ್ಕೆ ಜಗಲಿಗೆ ಹೋಗುತ್ತೇನೆ. ಅಲ್ಲಿಗೂ ಸ್ವಲ್ಪ ಸಂಗೀತ ಕೇಳಿಸುತ್ತೆ.

– 7ನೇ ತರಗತಿ ವಿದ್ಯಾರ್ಥಿನಿ