ಬೆಕ್ಕಿನ ಕಿವಿಯ ಒಂದು ಹನಿ: ಲೀಲ್ಯಾಂಡ್ ಕ್ಲಾರ್ಕ್

ಬಯೋಮೆಡಿಕಲ್ ಬ್ರಾಂಚಿನವರಿಗೆ ಕ್ಲಾರ್ಕ್ ಎಲೆಕ್ಟ್ರೋಡ್ ಅಂದರೆ ಹತ್ತು ಮಾರ್ಕಿನ ಪ್ರಶ್ನೆ. ಚಿತ್ರ ಬರೆದು, ಭಾಗಗಳ ಹೆಸರು ಹಾಕಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡ್ತೀವಿ. ಆ ಕ್ಲಾರ್ಕ್ ಯಾರು ಅಂತ ಕೇಳಿದವರು ಕಡಿಮೆ.

ಲೀಲ್ಯಾಂಡ್ ಕ್ಲಾರ್ಕ್ ಹುಟ್ಟಿದ್ದು 1918ರ ಡಿಸೆಂಬರ್ 4ರಂದು, ಅಮೆರಿಕದ ರೋಚೆಸ್ಟರ್‌ನಲ್ಲಿ. ರಸಾಯನಶಾಸ್ತ್ರ ಓದಿ, 1944ರಲ್ಲಿ ಡಾಕ್ಟರೇಟ್ ಪಡೆದು, ಓಹಿಯೋ ರಾಜ್ಯದ ಯೆಲ್ಲೋ ಸ್ಪ್ರಿಂಗ್ಸ್ ಎಂಬ ಪುಟ್ಟ ಊರಿನ ಫೆಲ್ಸ್ ಸಂಶೋಧನಾ ಸಂಸ್ಥೆಗೆ ಸೇರಿದರು. ಹೃದಯದ ಶಸ್ತ್ರಚಿಕಿತ್ಸೆಗೆ ಬೇಕಾಗುವ, ರಕ್ತಕ್ಕೆ ಆಮ್ಲಜನಕದ ಗುಳ್ಳೆ ಹಾಯಿಸುವ ಯಂತ್ರವನ್ನು ಅಲ್ಲಿ ಕಟ್ಟಿದರು. ಅದರ ಬಗ್ಗೆ ಬರೆದ ಲೇಖನ ವಾಪಸ್ ಬಂತು. ಯಂತ್ರದಿಂದ ಹೊರಬಂದ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆದಿಲ್ಲವಲ್ಲ ಎಂಬುದು ಸಂಪಾದಕರ ತಕರಾರು. ನ್ಯಾಯವಾದ ತಕರಾರೇ. ಆದರೆ ಅಳೆಯೋಕೆ ಸಾಧನವೇ ಇರಲಿಲ್ಲ! ಬರಿಯ ಪ್ಲಾಟಿನಂ ತಂತಿಯನ್ನು ರಕ್ತದಲ್ಲಿಟ್ಟರೆ ಪ್ರೋಟೀನು, ರಕ್ತಕಣ ಎಲ್ಲ ಮೆತ್ತಿಕೊಂಡು ಕೆಟ್ಟುಹೋಗುತ್ತಿತ್ತು.

ಕ್ಲಾರ್ಕ್ 1954ರಲ್ಲಿ ಮಾಡಿದ್ದು ಇಷ್ಟೇ: ಸಿಗರೇಟು ಪ್ಯಾಕಿನ ಮೇಲಿನ ಸೆಲ್ಲೋಫೇನ್ ಹಾಳೆಯಿಂದ ಪ್ಲಾಟಿನಂ ಮುಚ್ಚಿದರು. ಆಮ್ಲಜನಕ ಒಳಗೆ ನುಸುಳಿತು, ರಕ್ತಕಣ ಹೊರಗೇ ಉಳಿಯಿತು. ಆಮೇಲೆ ಪಾಲಿಥಿನ್ ಪೊರೆ ಬಂತು. 1956ರಲ್ಲಿ ಪ್ರಕಟಿಸಿದರು.

1962ರಲ್ಲಿ ಇನ್ನೊಂದು ಹೆಜ್ಜೆ. ಅದೇ ಎಲೆಕ್ಟ್ರೋಡಿನ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವದ ಪದರ ಕೂರಿಸಿದರೆ? ಕಿಣ್ವ ಸಕ್ಕರೆಯನ್ನು ಒಡೆಯುವಾಗ ಆಮ್ಲಜನಕ ಖರ್ಚಾಗುತ್ತೆ. ಎಷ್ಟು ಕಡಿಮೆಯಾಯಿತೋ ಅದರಿಂದ ಸಕ್ಕರೆಯ ಲೆಕ್ಕ ಸಿಗುತ್ತೆ. ಜಗತ್ತಿನ ಬಯೋಸೆನ್ಸರ್‌ಗಳ ವಂಶ ಶುರುವಾಗಿದ್ದು ಇಲ್ಲಿಂದ. 1987ರಲ್ಲಿ ಪೆನ್ನಿನಷ್ಟು ದೊಡ್ಡ ಮೀಟರ್ ಬಂದಾಗ ಆಮ್ಲಜನಕದ ಜಾಗದಲ್ಲಿ ಬೇರೆ ರಾಸಾಯನಿಕ ಇತ್ತು, ಕಿಣ್ವ ಮಾತ್ರ ಅದೇ.

ಬೆಕ್ಕಿಗೂ ಇವರಿಗೂ ಹಳೇ ನಂಟು. ಆಮ್ಲಜನಕ ತುಂಬಿದ ಫ್ಲೋರೋಕಾರ್ಬನ್ ದ್ರವವನ್ನೇ ಉಸಿರಾಡಿ ಇಲಿ, ಬೆಕ್ಕುಗಳು ಬದುಕಬಲ್ಲವು ಎಂದು 1966ರಲ್ಲಿ ತೋರಿಸಿದರು. ಪಾಪ, ಆ ಬೆಕ್ಕುಗಳನ್ನು ಯಾರೂ ಕೇಳಿರಲಿಲ್ಲ. ಅವುಗಳ ಸಾಲ ಈಗ ಬೇರೆ ರೀತಿಯಲ್ಲಿ ತೀರುತ್ತಿದೆ ಅನ್ನಬೇಕು.

ಯಾಕಂದ್ರೆ ಬೆಕ್ಕಿಗೂ ಸಕ್ಕರೆ ಕಾಯಿಲೆ ಬರುತ್ತೆ. ಯಗಟಿಯಿಂದ ಒಂದು ಬೆಕ್ಕನ್ನು ಚೀಲಕ್ಕೆ ಹಾಕಿ, ಬಸ್ಸಿನಲ್ಲಿ ಕಡೂರಿಗೆ ಒಯ್ದು, ಟೇಬಲ್ ಮೇಲೆ ಒತ್ತಿಹಿಡಿದು ರಕ್ತ ತೆಗೆದರೆ ಏನಾಗುತ್ತೆ? ಹೆದರಿಕೆಗೇ ಸಕ್ಕರೆ ಏರುತ್ತೆ. ಕಾಯಿಲೆಯಿಲ್ಲದ ಬೆಕ್ಕಿನಲ್ಲೂ 300 ದಾಟುವುದುಂಟು. ಆ ಸಂಖ್ಯೆ ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಮನೆಗೆ ಬಂದ ಮೇಲೆ ಸಕ್ಕರೆ ಕುಸಿದು, ಬೆಕ್ಕು ತೂರಾಡಿ, ಫಿಟ್ಸ್ ಬಂದು ಸಾಯಲೂಬಹುದು. ಮನೆಯ ಜಗಲಿಯಲ್ಲೇ, ಕಿವಿಯನ್ನು ಬಿಸಿಬಟ್ಟೆಯಿಂದ ಬೆಚ್ಚಗೆ ಮಾಡಿ, ಅಂಚಿನ ರಕ್ತನಾಳದ ಹತ್ತಿರ ಚುಚ್ಚಿದರೆ ಒಂದು ಪುಟ್ಟ ಹನಿ ಸಾಕು. ಮನುಷ್ಯರ ಮೀಟರ್ ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ಕಡಿಮೆ ತೋರಿಸುತ್ತೆ, ಅದು ನೆನಪಿರಲಿ. ಡೋಸ್ ಬದಲಿಸೋದು ಪಶುವೈದ್ಯರನ್ನು ಕೇಳಿಯೇ.

ಕ್ಲಾರ್ಕ್ ಮುಂದೆ ಅಲಬಾಮಾದಲ್ಲಿ, 1968ರಿಂದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ದುಡಿದರು. ಅವರ ಗ್ಲೂಕೋಸ್ ಎಲೆಕ್ಟ್ರೋಡನ್ನು 1975ರಲ್ಲಿ ಮಾರುಕಟ್ಟೆಗೆ ತಂದದ್ದು ಹಳೇ ಊರು ಯೆಲ್ಲೋ ಸ್ಪ್ರಿಂಗ್ಸ್‌ನ ಕಂಪನಿಯೇ. ಎಂಜಿನಿಯರಿಂಗಿನ ದೊಡ್ಡ ಗೌರವವಾದ ರಸ್ ಪ್ರಶಸ್ತಿ ಸಿಕ್ಕಿದ್ದು 2005ರಲ್ಲಿ, 86ನೇ ವಯಸ್ಸಿಗೆ. ಅದೇ ವರ್ಷ ಸೆಪ್ಟೆಂಬರ್ 25ರಂದು ತೀರಿಕೊಂಡರು.