ಜ್ಯೋತಿರ್ವಿದ ವೆಂಕಟೇಶ ಬಾಪೂಜಿ ಕೇತಕರರು

ಏಕಾದಶಿಯು ಇಂದೋ ನಾಳೆಯೋ ಎಂಬ ಸಂದೇಹವು, ಒಂದೇ ಮನೆಗೆ ಎರಡು ಪಂಚಾಂಗಗಳು ಬಂದಾಗ ಚನ್ನಗಿರಿ, ಹೊನ್ನಾಳಿ ಸೀಮೆಯ ನಮ್ಮಲ್ಲಿ ಏಳುವುದುಂಟು. ಇದರ ಮೂಲವನ್ನು ಗಣಿತದಿಂದ ಶೋಧಿಸಿದವರಲ್ಲಿ ಕೇತಕರರು ಅಗ್ರಗಣ್ಯರು. 1854ರಲ್ಲಿ ನರಗುಂದದಲ್ಲಿ ಜನಿಸಿದ ಇವರು ಬಾಗಲಕೋಟೆಯಲ್ಲಿ ಶಿಕ್ಷಕರಾಗಿದ್ದರು.

ಸೂರ್ಯನು ವರ್ಷವಿಡೀ ಸಂಚರಿಸುವಂತೆ ತೋರುವ ಪಥವೇ ಕ್ರಾಂತಿವೃತ್ತ. ಈ ವೃತ್ತದ ಮೇಲಿನ ಎಣಿಕೆಯಲ್ಲಿ ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸರಿದರೆ ಒಂದು ತಿಥಿ. ಹಳೆಯ ಕರಣಗ್ರಂಥಗಳ ಲೆಕ್ಕವು ಕಾಲಕ್ರಮದಲ್ಲಿ ಕಣ್ಣಿಗೆ ಕಾಣುವ ಗ್ರಹಸ್ಥಿತಿಗೆ ಹೊಂದದಾಗಲು, ಕೇತಕರರು ಪಾಶ್ಚಾತ್ಯ ವೇಧಗಳ ಫಲವನ್ನು ನಮ್ಮ ಪದ್ಧತಿಗೆ ಅಳವಡಿಸಿ ‘ಜ್ಯೋತಿರ್ಗಣಿತ’, ‘ಕೇತಕೀ ಗ್ರಹಗಣಿತ’ಗಳನ್ನು ಸಂಸ್ಕೃತದಲ್ಲಿ ರಚಿಸಿದರು.

ವೃತ್ತಕ್ಕೆ ಆದಿಯೆಲ್ಲಿ? ವಿವಾದವೆಲ್ಲವೂ ಇಲ್ಲಿಯೇ. ಲೋಕಮಾನ್ಯ ತಿಲಕರು ರೇವತೀ ಪಕ್ಷದವರು. ಕೇತಕರರು ಚಿತ್ರಾ ನಕ್ಷತ್ರಕ್ಕೆ 180 ಅಂಶ ಎದುರಿನ ಬಿಂದುವನ್ನು ಹಿಡಿದರು. ಎರಡಕ್ಕೂ ಸುಮಾರು 4 ಅಂಶಗಳ ಅಂತರ. ಅಷ್ಟರಿಂದಲೇ ಸಂಕ್ರಮಣವು ನಾಲ್ಕು ದಿನ ಸರಿಯುವುದು, ಒಮ್ಮೊಮ್ಮೆ ಅಧಿಕಮಾಸವೂ ಬೇರೆಯಾಗುವುದು. ವ್ರತಸ್ಥರಿಗೆ ಇದು ಸಣ್ಣ ಮಾತಲ್ಲ.

ನೆಪ್ಚೂನಿನಾಚೆ ಎರಡು ಗ್ರಹಗಳಿರಬೇಕೆಂದು 1911ರಲ್ಲಿ ಇವರು ಗಣಿಸಿದರು. 1930ರಲ್ಲಿ ಪ್ಲೂಟೋ ಕಂಡಿತು. ಅದರ ಕಕ್ಷೆ ಕ್ರಾಂತಿವೃತ್ತಕ್ಕೆ 17 ಅಂಶ ಓರೆ. ಈ ಹೊಂದಾಣಿಕೆಯು ಕಾಕತಾಳೀಯವೆಂದೇ ನಾವು ತಿಳಿಯುತ್ತೇವೆ. ಇವರ ಹಿರಿಮೆಗೆ ಅದರ ಆಸರೆ ಬೇಡ. ಅದೇ ವರ್ಷ ವಿಜಾಪುರದಲ್ಲಿ ಇವರು ದೈವಾಧೀನರಾದರು. ಮೇಘನಾದ ಸಾಹಾರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯು 1955ರಲ್ಲಿ ಬಹುಮಟ್ಟಿಗೆ ಚಿತ್ರಾ ಪಕ್ಷವನ್ನೇ ಅಂಗೀಕರಿಸಿತು.